ಘಟಪ್ರಭೆಗೆ ಬಿದ್ದೂ ದಕ್ಕದ ಉಲ್ಕೆಗಳು

ಜಗತ್ತಿನ ಉಲ್ಕಾಶಿಲೆಗಳನ್ನೆಲ್ಲ ಹೆಸರು ಹಿಡಿದು ದಾಖಲಿಸುವ ಅಂತರರಾಷ್ಟ್ರೀಯ ಪಟ್ಟಿಯೊಂದಿದೆ. ಅದರಲ್ಲಿ ಧಾರವಾಡ ಇದೆ, ಮದ್ದೂರು ಇದೆ, ಉಡುಪಿ ಇದೆ. ಗೋಕಾಕ ಇಲ್ಲ, ಹುಕ್ಕೇರಿ ಇಲ್ಲ, ಮೂಡಲಗಿಯೂ ಇಲ್ಲ. ಸಹ್ಯಾದ್ರಿಯಲ್ಲಿ ಹುಟ್ಟಿ, ಹಿಡಕಲ್ಲಿನಲ್ಲಿ ಅಣೆಕಟ್ಟಿಗೆ ಸಿಕ್ಕು, ಗೋಕಾಕದಲ್ಲಿ 52 ಮೀಟರ್ ಧುಮುಕಿ, ಒಟ್ಟು 283 ಕಿಲೋಮೀಟರ್ ಹರಿದು ಕೃಷ್ಣೆಯನ್ನು ಕೂಡುವ ಘಟಪ್ರಭೆಯ ಕೊಳ್ಳ ಸುಮಾರು 8,800 ಚದರ ಕಿಲೋಮೀಟರ್ ವಿಸ್ತಾರದ್ದು. ಇಷ್ಟು ದೊಡ್ಡ ಸೀಮೆಯ ಈ ಮೂರು ತಾಲ್ಲೂಕು ಪಟ್ಟಣಗಳ ಪೈಕಿ ಒಂದರ ಹೆಸರೂ ಅಲ್ಲಿಲ್ಲವೆಂದರೆ, ಆಕಾಶ ಇತ್ತ ಕಲ್ಲೆಸೆದೇ ಇಲ್ಲ ಎಂದು ತೀರ್ಮಾನಿಸುವುದು ಸುಲಭ. ನನ್ನ ವಾದ ಇದಕ್ಕೆ ಎದುರು. ಕಲ್ಲುಗಳು ಬಿದ್ದಿವೆ. ಬಿದ್ದ ಕಲ್ಲು ವಿಜ್ಞಾನದ ಪುಸ್ತಕಕ್ಕೆ ಏರುವ ಹಾದಿ ಮಾತ್ರ ಇಲ್ಲಿ ಕೂಡಿಬಂದಿಲ್ಲ. ಆ ಹಾದಿ ಹೇಗಿರುತ್ತದೆ, ಎಲ್ಲಿ ಕಡಿಯುತ್ತದೆ ಎಂಬುದನ್ನು ಇನ್ನೂರು ಚಿಲ್ಲರೆ ವರ್ಷಗಳ ಇತಿಹಾಸ ಚೆನ್ನಾಗಿ ತೋರಿಸುತ್ತದೆ. ಅದರ ಮೊದಲ ಮೆಟ್ಟಿಲಲ್ಲಿ ನಿಂತಿರುವುದು ಒಬ್ಬ ಕಾವಲುಗಾರನ ಗುಡಿಸಲು.

1798ರ ಡಿಸೆಂಬರ್ 19ರ ರಾತ್ರಿ ಸುಮಾರು ಎಂಟು ಗಂಟೆಗೆ ಕಾಶಿಯ ಸುತ್ತಿನ ಆಕಾಶದಲ್ಲಿ ಬೆಂಕಿಯ ಉಂಡೆಯೊಂದು ಹಾದುಹೋಯಿತು. ಗುಡುಗಿನಂಥ ಸದ್ದು ಕೇಳಿಸಿತು. ಕಾಶಿಯಿಂದ 14 ಮೈಲಿ ದೂರದ ಕ್ರಾಖುತ್ ಎಂಬ ಹಳ್ಳಿಯ ಆಸುಪಾಸಿನಲ್ಲಿ ಕಲ್ಲುಗಳು ಬಿದ್ದವು. ಬೆಳಗಾದ ಮೇಲೆ ಹೊಲಗಳಲ್ಲಿ ಮಣ್ಣು ಕೆದರಿದ್ದ ಕಡೆ ಅಗೆದರೆ ಆರು ಅಂಗುಲ ಆಳದಲ್ಲಿ ಕಪ್ಪು ಹೊರಪದರದ ಕಲ್ಲುಗಳು ಸಿಕ್ಕವು. ಜಿಲ್ಲೆಯ ನ್ಯಾಯಾಧೀಶ ಸ್ಯಾಮ್ಯುಯೆಲ್ ಡೇವಿಸ್ ವಿಚಾರಿಸಲು ಆಳನ್ನು ಕಳಿಸಿದ. ರಾಯಲ್ ಸೊಸೈಟಿಯ ಸದಸ್ಯನಾಗಿದ್ದ ಜಾನ್ ಲಾಯ್ಡ್ ವಿಲಿಯಮ್ಸ್ ಹೇಳಿಕೆಗಳನ್ನು ಕಲೆಹಾಕಿದ. ಅವನು ಬರೆದಿಟ್ಟ ಎರಡು ಸಂಗತಿಗಳು ಮುಖ್ಯ. ಮೊದಲನೆಯದು, ಆ ತಿಂಗಳ 11ನೇ ತಾರೀಖಿನಿಂದ ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ, ಆಮೇಲೂ ಎಷ್ಟೋ ದಿನ ಇರಲಿಲ್ಲ. ಎರಡನೆಯದು, ಒಬ್ಬ ಕಾವಲುಗಾರ ತಂದುಕೊಟ್ಟ ಕಲ್ಲು: ಅದು ತನ್ನ ಗುಡಿಸಲಿನ ಮಾಡನ್ನು ತೂತು ಮಾಡಿಕೊಂಡು ಬಂದು, ಗಟ್ಟಿಯಾಗಿ ಬಡಿದ ಮಣ್ಣಿನ ನೆಲದಲ್ಲಿ ಹಲವು ಅಂಗುಲ ಹೂತುಹೋಗಿತ್ತೆಂದು ಅವನು ಹೇಳಿದ. ಒಡೆಯುವ ಮುಂಚೆ ಅದು ಎರಡು ಪೌಂಡಿಗೂ ಮಿಕ್ಕಿ ತೂಗುತ್ತಿದ್ದಿರಬೇಕು. ಕಾವಲುಗಾರ ಚಾಕರಿಗಿದ್ದ ಧಣಿಯ ಹೆಸರು ವರದಿಯಲ್ಲಿದೆ, ಕಾವಲುಗಾರನ ಹೆಸರಿಲ್ಲ. ಆ ಕಾಲದ ವರದಿಗಳ ಸ್ವಭಾವವೇ ಹಾಗೆ. ಆದರೆ ಸಾಕ್ಷ್ಯದ ಬಲದಲ್ಲಿ ನೋಡಿದರೆ ನ್ಯಾಯಾಧೀಶನಿಗಿಂತ ಈ ಅನಾಮಧೇಯನೇ ಒಂದು ಕೈ ಮೇಲು. ಹೊಲದಲ್ಲಿ ಸಿಕ್ಕ ಕಲ್ಲು ನಿನ್ನೆಯದೋ ನೂರು ವರ್ಷದ ಹಿಂದಿನದೋ ಎಂದು ಕೇಳಬಹುದು. ಬೆಳಿಗ್ಗೆ ಇಲ್ಲದ ತೂತು ರಾತ್ರಿ ಮಾಡಿನಲ್ಲಿ ಮೂಡಿದರೆ, ದಿನವೂ ಗುಡಿಸುವ ನೆಲದಲ್ಲಿ ಕಲ್ಲು ನಾಟಿಕೊಂಡರೆ, ಆ ಪ್ರಶ್ನೆಗೆ ಎಡೆಯಿಲ್ಲ.

ಆ ಕಾಲಕ್ಕೆ ಯೂರೋಪಿನ ವಿದ್ವಾಂಸರು ಆಕಾಶದಿಂದ ಕಲ್ಲು ಬೀಳುತ್ತದೆ ಎಂದರೆ ನಗುತ್ತಿದ್ದರು. 1768ರಲ್ಲಿ ಫ್ರಾನ್ಸಿನ ಲ್ಯೂಸೆಯಲ್ಲಿ ಬಿದ್ದ ಕಲ್ಲನ್ನು ಪರೀಕ್ಷಿಸಿದ ಸಮಿತಿಯಲ್ಲಿ ಲವಾಸಿಯೆಯಂಥ ರಸಾಯನಶಾಸ್ತ್ರಜ್ಞನೇ ಇದ್ದ. ಸಮಿತಿ ಅದನ್ನು ಸಿಡಿಲು ಬಡಿದ ನೆಲದ ಕಲ್ಲು ಎಂದಿತು. 1794ರಲ್ಲಿ ಜರ್ಮನಿಯ ಕ್ಲಾಡ್ನಿ ಇಂಥ ಕಲ್ಲುಗಳು ಬಾಹ್ಯಾಕಾಶದಿಂದಲೇ ಬರುತ್ತವೆ ಎಂದು ಪುಸ್ತಕ ಬರೆದಾಗಲೂ ಹೆಚ್ಚಿನವರು ಕಿವಿಗೊಡಲಿಲ್ಲ. ಕಾಶಿಯ ಕಲ್ಲು ಲಂಡನ್ನಿಗೆ ಹೋಗಿ, ರಾಯಲ್ ಸೊಸೈಟಿಯ ಅಧ್ಯಕ್ಷ ಸರ್ ಜೋಸೆಫ್ ಬ್ಯಾಂಕ್ಸ್ ಮೂಲಕ ಎಡ್ವರ್ಡ್ ಹೊವಾರ್ಡ್ ಎಂಬ ರಸಾಯನಜ್ಞನ ಕೈ ಸೇರಿತು. ಹೊವಾರ್ಡ್ ಅದರ ಜೊತೆ ಇನ್ನೂ ಮೂರು ಕಲ್ಲುಗಳನ್ನಿಟ್ಟುಕೊಂಡ: 1753ರಲ್ಲಿ ಬೊಹೀಮಿಯದ ತಾಬೊರ್‌ನಲ್ಲಿ ಬಿದ್ದದ್ದು, 1794ರಲ್ಲಿ ಇಟಲಿಯ ಸಿಯೆನಾದಲ್ಲಿ ಬಿದ್ದದ್ದು, 1795ರಲ್ಲಿ ಇಂಗ್ಲೆಂಡಿನ ವೋಲ್ಡ್ ಕಾಟೇಜ್ ಬಳಿ ಬಿದ್ದದ್ದು. ಫ್ರೆಂಚ್ ಕ್ರಾಂತಿಯಿಂದ ತಪ್ಪಿಸಿಕೊಂಡು ಬಂದಿದ್ದ ಖನಿಜತಜ್ಞ ಕೌಂಟ್ ದ ಬೂರ್ನೊನ್ ಪ್ರತಿ ಕಲ್ಲನ್ನೂ ಪುಡಿ ಮಾಡಿ ನಾಲ್ಕು ಅಂಶಗಳನ್ನು ಬೇರ್ಪಡಿಸಿದ: ದುಂಡು ದುಂಡಾದ ಸಣ್ಣ ಗೋಲಿಗಳು, ಗಂಧಕಯುಕ್ತ ಕಬ್ಬಿಣದ ಕಣಗಳು, ಶುದ್ಧ ಲೋಹದ ಕಣಗಳು, ಇವನ್ನೆಲ್ಲ ಹಿಡಿದಿಟ್ಟ ಬೂದು ಬಣ್ಣದ ಮಣ್ಣಿನಂಥ ದ್ರವ್ಯ. ನಾಲ್ಕೂ ಕಲ್ಲುಗಳ ಲೋಹದಲ್ಲಿ ನಿಕ್ಕಲ್ ಇರುವುದನ್ನು ಹೊವಾರ್ಡ್ ಕಂಡುಹಿಡಿದ. ನಾಲ್ಕು ದೇಶ, ನಾಲ್ಕು ವರ್ಷ, ಸುತ್ತಲಿನ ನೆಲದ ಕಲ್ಲಿಗೆ ಹೋಲದ ಒಂದೇ ಬಗೆಯ ರಚನೆ. 1802ರ ಫೆಬ್ರವರಿಯಲ್ಲಿ ರಾಯಲ್ ಸೊಸೈಟಿಯಲ್ಲಿ ಈ ಪ್ರಬಂಧ ಓದಿದ ಮೇಲೆ ನಗು ನಿಲ್ಲತೊಡಗಿತು. ಮರುವರ್ಷ ಫ್ರಾನ್ಸಿನ ಲೇಗ್ಲ್‌ನಲ್ಲಿ ಸಾವಿರಾರು ಕಲ್ಲು ಒಮ್ಮೆಲೇ ಬಿದ್ದಾಗ ಭೌತವಿಜ್ಞಾನಿ ಬಯೊ ಹೋಗಿ ತನಿಖೆ ಮಾಡಿ ಬಂದ. ಉಳಿದಿದ್ದ ಅನುಮಾನವೂ ಅಡಗಿತು.

ಇಲ್ಲಿ ಒಂದು ಆಕ್ಷೇಪ ಸಹಜ. ಯೂರೋಪು ನಗುತ್ತಿದ್ದರೆ ನಗಲಿ, ನಮ್ಮಲ್ಲಿ ಈ ವಿಷಯ ಎಂದೋ ಗೊತ್ತಿತ್ತಲ್ಲ ಎಂದು ಕೇಳಬಹುದು. ಗೊತ್ತಿತ್ತು, ನಿಜ. ಆರನೇ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಉಲ್ಕೆಗಳಿಗೇ ಮೀಸಲಾದ ಅಧ್ಯಾಯವಿದೆ. ಅಲ್ಲಿ ಅವನ್ನು ಧಿಷ್ಣ್ಯಾ, ಉಲ್ಕಾ, ಅಶನಿ, ವಿದ್ಯುತ್, ತಾರಾ ಎಂದು ಐದಾಗಿ ವಿಂಗಡಿಸಿದೆ. ಅಶನಿ ಭಾರಿ ಸದ್ದಿನೊಂದಿಗೆ ಬಂದು ಮನುಷ್ಯರು, ಆನೆ ಕುದುರೆಗಳು, ಬಂಡೆಗಳು, ಮರಗಳು ಇವುಗಳ ಮೇಲೂ ಮನೆಗಳ ಮೇಲೂ ಬಿದ್ದು ನೆಲವನ್ನು ಸೀಳುತ್ತದೆ ಎಂಬ ವರ್ಣನೆ ಲವಾಸಿಯೆಯ ಸಮಿತಿಯ ತೀರ್ಪಿಗಿಂತ ಸತ್ಯಕ್ಕೆ ಎಷ್ಟೋ ಹತ್ತಿರ. ಆದರೆ ಆ ವಿಂಗಡಣೆಯ ಗುರಿಯೇ ಬೇರೆ. ಅದು ಆಕಾಶದ ನೋಟವನ್ನೂ ಅದರಿಂದ ರಾಜನಿಗೆ, ರಾಜ್ಯಕ್ಕೆ ಒದಗುವ ಫಲವನ್ನೂ ಲೆಕ್ಕ ಹಾಕುತ್ತದೆ; ಬಿದ್ದ ವಸ್ತುವನ್ನು ಕೈಗೆತ್ತಿಕೊಂಡು ಒಡೆದು ನೋಡುವುದಿಲ್ಲ. ಕಲ್ಲು ಸಿಕ್ಕಾಗಲೂ ಅದು ಪೂಜೆಗೆ ಸಲ್ಲುತ್ತಿತ್ತು. 1880ರಲ್ಲಿ ಬಿಹಾರದ ಅಂಧಾರಾದಲ್ಲಿ ಬಿದ್ದ ಕಲ್ಲಿಗೆ ಅದ್ಭುತನಾಥನೆಂದು ಹೆಸರಿಟ್ಟು ಗುಡಿ ಕಟ್ಟಿದರು. ಗುಡಿಯಲ್ಲಿದ್ದ ಕಲ್ಲು ಕಡೇಪಕ್ಷ ಉಳಿಯುತ್ತದೆ ಎಂಬುದು ನಿಜವೇ. ಗರಗಸಕ್ಕೆ ಸಿಕ್ಕುವುದಿಲ್ಲ ಎಂಬುದೂ ನಿಜ.

ಗರಗಸದಿಂದ ಏನಾಗುತ್ತದೆ ಎಂದು ತಿಳಿಯಲು ಹೊವಾರ್ಡನ ಅದೇ ನಾಲ್ಕು ಕಲ್ಲುಗಳಿಗೆ ಮರಳಿದರೆ ಸಾಕು. ಅವನ ಕಣ್ಣಿಗೆ ಅವು ಒಂದೇ ಜಾತಿಯವು. ಬೂರ್ನೊನ್ ಕಂಡ ದುಂಡನೆಯ ಗೋಲಿಗಳಿಗೆ ಆಮೇಲೆ ಕಾಂಡ್ರೂಲ್ ಎಂಬ ಹೆಸರು ಬಂತು. ಅವುಳ್ಳ ಕಲ್ಲು ಕಾಂಡ್ರೈಟ್ ಎಂದು 1860ರ ದಶಕದಲ್ಲಿ ಬರ್ಲಿನ್ನಿನ ಗುಸ್ತಾವ್ ರೋಸ್ ಕರೆದ. ಸುಮಾರು 456 ಕೋಟಿ ವರ್ಷಗಳ ಹಿಂದೆ, ಗ್ರಹಗಳಿನ್ನೂ ಗಟ್ಟಿಗೊಳ್ಳುವ ಮುನ್ನ, ಕರಗಿದ ಹನಿಗಳಾಗಿ ಅವು ರೂಪುಗೊಂಡವು ಎಂಬುದು ಇಂದಿನ ತಿಳಿವಳಿಕೆ. ಇಪ್ಪತ್ತನೇ ಶತಮಾನದಲ್ಲಿ ಪ್ರಯರ್, ಯೂರಿ, ಕ್ರೇಗ್ ಮೊದಲಾದವರು ಕಬ್ಬಿಣದ ಪ್ರಮಾಣವನ್ನೂ ಅದು ಲೋಹವಾಗಿದೆಯೋ ಆಕ್ಸೈಡ್ ಆಗಿದೆಯೋ ಎಂಬುದನ್ನೂ ನೋಡಿ ಸಾಮಾನ್ಯ ಕಾಂಡ್ರೈಟುಗಳನ್ನು ಬಿಡಿಸುತ್ತ ಬಂದರು. ಕಬ್ಬಿಣ ಹೆಚ್ಚಿದ್ದರೆ ಎಚ್, ಕಡಿಮೆಯಿದ್ದರೆ ಎಲ್, ಒಟ್ಟು ಕಬ್ಬಿಣವೂ ಕಡಿಮೆ, ಲೋಹವಂತೂ ತೀರ ಕಡಿಮೆ ಎಂದರೆ ಎಲ್‌ಎಲ್. 1963ರಲ್ಲಿ ಬ್ರಯಾನ್ ಮೇಸನ್ ಜಗತ್ತಿನ ಸಂಗ್ರಹಾಲಯಗಳ ನೂರಾರು ಕಾಂಡ್ರೈಟುಗಳಿಂದ ಚಿಟಿಕೆ ಚಿಟಿಕೆ ದ್ರವ್ಯ ತೆಗೆದು, ಆಲಿವಿನ್ ಖನಿಜದಲ್ಲಿ ಕಬ್ಬಿಣದ ಪಾಲು ಎಷ್ಟೆಂದು ಅಳೆದ. ಆ ಒಂದು ಅಳತೆಯೇ ಗುಂಪನ್ನು ಹೇಳಿಬಿಡುತ್ತದೆ. 1967ರಲ್ಲಿ ವಾನ್ ಶ್ಮೂಸ್ ಮತ್ತು ವುಡ್ ಇದಕ್ಕೊಂದು ಅಂಕಿ ಸೇರಿಸಿದರು. ತಾನು ಒಡೆದು ಬಂದ ತಾಯಿಕಾಯದ ಒಳಗೆ ಕಲ್ಲು ಎಷ್ಟು ಬೆಂದಿದೆ ಎಂಬುದರ ಅಂಕಿ ಅದು: 3 ಎಂದರೆ ಕಾಂಡ್ರೂಲುಗಳ ಅಂಚು ಸ್ಪಷ್ಟ, 6 ಎಂದರೆ ಬಿಸಿಗೆ ಎಲ್ಲವೂ ಒಂದರಲ್ಲೊಂದು ಬೆರೆತು ಮಸುಕು. ಈ ಕಣ್ಣಿನಿಂದ ನೋಡಿದರೆ ತಾಬೊರ್ ಎಚ್5, ವೋಲ್ಡ್ ಕಾಟೇಜ್ ಎಲ್6, ಸಿಯೆನಾ ಎಲ್‌ಎಲ್5, ಕಾವಲುಗಾರನ ಮಾಡು ತೂರಿ ಬಂದ ಕಾಶಿಯ ಕಲ್ಲು ಎಲ್‌ಎಲ್4. ಆಕಸ್ಮಿಕವಾಗಿ ಕೈಗೆ ಸಿಕ್ಕ ನಾಲ್ಕು ಕಲ್ಲುಗಳಲ್ಲೇ ಹೊವಾರ್ಡ್ ಮೂರೂ ಮನೆತನಗಳನ್ನು ಮೇಜಿನ ಮೇಲಿಟ್ಟುಕೊಂಡಿದ್ದ; ಅದು ಅವನಿಗೆ ತಿಳಿಯುವಂತಿರಲಿಲ್ಲ. ತಿಳಿದದ್ದು ಚೂರುಗಳನ್ನು ಯಾರೋ ಜೋಪಾನ ಮಾಡಿದ್ದರಿಂದ, ನೂರೈವತ್ತು ವರ್ಷಕ್ಕೂ ಹೆಚ್ಚು ತಡವಾಗಿ.

ಕರ್ನಾಟಕದ ಕಲ್ಲುಗಳ ಕಥೆಯೂ ಇದೇ ದಾರಿಯದು. 1865ರ ಸೆಪ್ಟೆಂಬರ್ 21ರಂದು ಮದ್ದೂರು ಸೀಮೆಯಲ್ಲಿ ಬಿದ್ದದ್ದು ಎಲ್5. 1866ರ ಏಪ್ರಿಲ್‌ನಲ್ಲಿ ಉಡುಪಿಯ ಬಳಿ ಬಿದ್ದದ್ದು ಎಚ್5. 1876ರ ಫೆಬ್ರವರಿ 16ರಂದು ತುಮಕೂರು ಸೀಮೆಯಲ್ಲಿ ಬಿದ್ದು, ಪಟ್ಟಿಯಲ್ಲಿ ಜೂಡೆಸೆಗೆರಿ ಎಂಬ ವಿಚಿತ್ರ ಕಾಗುಣಿತದಲ್ಲಿ ಉಳಿದಿರುವುದು ಎಚ್6. 1902ರ ನವೆಂಬರ್ 12ರಂದು ಶಿವಮೊಗ್ಗ ಜಿಲ್ಲೆಯಲ್ಲಿ ಬಿದ್ದ ಕಂಸಾಗರದ ಕಲ್ಲು ಎಲ್6. ಈ ಅಕ್ಷರ, ಈ ಅಂಕಿ ಅವು ಬಿದ್ದಾಗ ಹುಟ್ಟಿಯೇ ಇರಲಿಲ್ಲ. ಇವೆಲ್ಲಕ್ಕಿಂತ ಹಳೆಯದು, ಘಟಪ್ರಭೆಗೆ ಇವೆಲ್ಲಕ್ಕಿಂತ ಹತ್ತಿರದ್ದು, ಪಟ್ಟಿಯಲ್ಲಿ ಧಾರವಾಡ ಎಂದೇ ಹೆಸರಾದ ಕಲ್ಲು. ಬಿದ್ದದ್ದು ಧಾರವಾಡದಲ್ಲಲ್ಲ. 1848ರ ಫೆಬ್ರವರಿ 15ರಂದು, ವರದಾ ತುಂಗಭದ್ರೆಯರು ಕೂಡುವ ಸೀಮೆಯ ನೆಗಳೂರಿನಲ್ಲಿ. ಈಗ ಅದು ಹಾವೇರಿ ಜಿಲ್ಲೆ, ಗುತ್ತಲದ ಮಗ್ಗುಲು. ಗೋಕಾಕದಿಂದ ನೇರ ಅಳೆದರೆ ಇನ್ನೂರು ಕಿಲೋಮೀಟರಿನೊಳಗೆ. ಕಲೆಕ್ಟರನ ಕಚೇರಿ ಧಾರವಾಡದಲ್ಲಿತ್ತು, ಕಲ್ಲಿಗೂ ಅದೇ ಹೆಸರು ಅಂಟಿಕೊಂಡಿತು. 1836ರಲ್ಲಿ ಬೆಳಗಾವಿ ಬೇರೆ ಜಿಲ್ಲೆಯಾಗುವವರೆಗೆ ಗೋಕಾಕ, ಹುಕ್ಕೇರಿಗಳೂ ಧಾರವಾಡಕ್ಕೇ ಸೇರಿದ್ದವು. ಹನ್ನೆರಡು ವರ್ಷ ಮೊದಲು ಘಟಪ್ರಭೆಯ ದಡದಲ್ಲಿ ಕಲ್ಲು ಬಿದ್ದಿದ್ದರೂ ಧಾರವಾಡವೆಂದೇ ಕರೆಸಿಕೊಳ್ಳುತ್ತಿತ್ತೇನೋ.

ಈ ಧಾರವಾಡದ ಕಲ್ಲಿನ ಮುಂದೆ ಇರುವುದು ಸಾಮಾನ್ಯ ಕಾಂಡ್ರೈಟ್ ಎಂಬಷ್ಟೇ ವಿವರ. ಎಚ್ ಇಲ್ಲ, ಎಲ್ ಇಲ್ಲ, ಅಂಕಿ ಇಲ್ಲ. ತೂಕ ಸುಮಾರು 1.8 ಕಿಲೋ, ಅಂದರೆ ಕಣ್ಣು ತಪ್ಪುವಷ್ಟು ಸಣ್ಣದೇನಲ್ಲ. ಹೊವಾರ್ಡನ ಪ್ರಬಂಧ ಬಂದು 46 ವರ್ಷವಾಗಿತ್ತು, ಆಕಾಶದ ಕಲ್ಲೆಂದರೆ ನಗುವವರು ಯಾರೂ ಉಳಿದಿರಲಿಲ್ಲ. ಸಾಕ್ಷಿಗಳಿದ್ದರು, ದಿನಾಂಕ ಗೊತ್ತಿತ್ತು, ಕಲ್ಲು ಸಿಕ್ಕಿತ್ತು. ಅಷ್ಟಿದ್ದೂ ಕೊನೆಯ ಮೆಟ್ಟಿಲು ತಪ್ಪಿದೆ. ಮದ್ದೂರಿನ ಕಲ್ಲಿಗೆ ಒದಗಿದ ಪರೀಕ್ಷೆ ನೆಗಳೂರಿನದಕ್ಕೆ ಒದಗಲಿಲ್ಲ ಎಂಬುದಕ್ಕೆ ಎರಡು ಕಲ್ಲುಗಳ ಗುಣ ಕಾರಣವಲ್ಲ. ಆಲಿವಿನ್ ಅಳೆಯುವ ಕಾಲ ಬಂದಾಗ ಅಳೆಯುವವನ ಕೈಗೆ ಯಾವ ಚೂರು ಎಟುಕಿತು ಎಂಬುದರ ಮೇಲೆ ಎಲ್ಲ ನಿಂತಿತ್ತು. ಪಟ್ಟಿಯಲ್ಲಿ ಕಾಣುವುದು ಆಕಾಶದ ನಡತೆಗಿಂತ ಹೆಚ್ಚಾಗಿ ನೆಲದ ಮೇಲಿನ ಕಚೇರಿ, ಪೆಟ್ಟಿಗೆ, ಕಪಾಟುಗಳ ನಡತೆ ಎಂದು ನಾನು ಹೇಳುವುದು ಇದಕ್ಕೇ.

ಈಗ ದೊಡ್ಡ ಆಕ್ಷೇಪ. ಘಟಪ್ರಭೆಯ ಸೀಮೆಯಲ್ಲಿ ಕಲ್ಲು ಬಿದ್ದಿದೆ ಎಂಬುದಕ್ಕೆ ಪುರಾವೆ ಏನು? ಬೀಳದೆ ಇರುವುದೂ ಸಾಧ್ಯವಲ್ಲವೇ? ಅದೃಷ್ಟ ವಿಚಿತ್ರವಾಗಿ ಆಡುತ್ತದೆ ಎಂಬುದನ್ನು ಒಪ್ಪಲೇಬೇಕು. ಅಮೆರಿಕದ ವೆದರ್ಸ್‌ಫೀಲ್ಡ್ ಎಂಬ ಒಂದೇ ಊರಿನಲ್ಲಿ 1971ರಲ್ಲಿ ಒಂದು ಮನೆಗೆ, 1982ರಲ್ಲಿ ಇನ್ನೊಂದು ಮನೆಗೆ ಉಲ್ಕಾಶಿಲೆ ಬಡಿಯಿತು, ಎರಡೂ ಎಲ್6. ಹಾಗೆ ಒಂದೂರಿಗೆ ಎರಡು ಸಂದರೆ ಇನ್ನೊಂದು ಸೀಮೆಗೆ ಒಂದೂ ಸಲ್ಲದಿರಬಹುದು. ಆದರೆ ವಿಸ್ತಾರ ಮತ್ತು ಕಾಲ ಎರಡೂ ಹಿಗ್ಗಿದಂತೆ ಅದೃಷ್ಟದ ಆಟ ಸವೆಯುತ್ತದೆ. 1971ರಿಂದ 1985ರವರೆಗೆ ಕೆನಡಾದ ಹುಲ್ಲುಗಾವಲಿನಲ್ಲಿ ಅರವತ್ತು ಕ್ಯಾಮೆರಾಗಳನ್ನು ಆಕಾಶಕ್ಕೆ ತಿರುಗಿಸಿಟ್ಟು ಹ್ಯಾಲಿಡೇ ಮತ್ತು ಸಂಗಡಿಗರು ಎಣಿಸಿದರು. ಅವರ ಲೆಕ್ಕದಲ್ಲಿ ಹತ್ತು ಲಕ್ಷ ಚದರ ಕಿಲೋಮೀಟರಿಗೆ ವರ್ಷಕ್ಕೆ ಸುಮಾರು ಎಂಟು ಸಲ ಒಂದು ಕಿಲೋ ಅಥವಾ ಅದಕ್ಕೂ ಹೆಚ್ಚು ತೂಕದ ಉಲ್ಕಾದ್ರವ್ಯ ನೆಲ ಮುಟ್ಟುತ್ತದೆ. ಈ ದರವನ್ನು ಘಟಪ್ರಭೆಯ 8,800 ಚದರ ಕಿಲೋಮೀಟರಿಗೆ ಇಳಿಸಿದರೆ ಸುಮಾರು 14 ವರ್ಷಕ್ಕೊಮ್ಮೆ ಒಂದು ಬೀಳಬೇಕು. ನೆಗಳೂರಿನ ಕಲ್ಲು ಬಿದ್ದ ಮೇಲಿನ ಕಾಲದಲ್ಲಿ ಹನ್ನೆರಡರ ಸುಮಾರು. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳನ್ನಷ್ಟೇ ಹಿಡಿದು ಎರಡೂವರೆ ಸಾವಿರ ಚದರ ಕಿಲೋಮೀಟರ್ ಎಂದರೂ ಅರ್ಧ ಶತಮಾನಕ್ಕೊಂದು. ಕೆನಡಾದ ದರ ನಮಗೆ ಹೊಂದುತ್ತದೆಯೇ ಎಂದರೆ, 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಧ್ರುವಗಳಿಗಿಂತ ಸಮಭಾಜಕದ ಬಳಿ ಉಲ್ಕಾಪಾತ ಹೆಚ್ಚು. ನಮ್ಮ ಎಣಿಕೆ ತಪ್ಪಿದ್ದರೆ ಕಡಿಮೆಯ ಕಡೆಗೇ ತಪ್ಪಿರುತ್ತದೆ. ಇಡೀ ಕರ್ನಾಟಕಕ್ಕೆ ಇದೇ ದರ ಹಚ್ಚಿದರೆ 1848ರಿಂದ 1902ರ ನಡುವೆ ಎಂಬತ್ತಕ್ಕೂ ಹೆಚ್ಚು ಬೀಳಬೇಕಿತ್ತು. ಮೇಲೆ ಹೆಸರಿಸಿದವು ಐದು.

ಎಂಬತ್ತು ಬಿದ್ದಿದ್ದರೆ ಯಾರಿಗೂ ಕಾಣದೆ ಹೋದವೇ, ಜನರಿಲ್ಲದ ಸೀಮೆಯೇನು ಇದು ಎಂದು ಕೇಳುವವರಿಗೆ ಕೆನಡಾದವರ ಅನುಭವವೇ ಉತ್ತರ. ಹದಿನಾಲ್ಕು ವರ್ಷ, ಅರವತ್ತು ಕ್ಯಾಮೆರಾ, ಬಿದ್ದಿರಬೇಕಾದ ಜಾಗವನ್ನು ಗಣಿತದಿಂದ ಗುರುತಿಸುವ ವಿಜ್ಞಾನಿಗಳು. ಇಷ್ಟಿದ್ದೂ ಆ ಯೋಜನೆ ಹುಡುಕಿ ತಂದದ್ದು 1977ರ ಫೆಬ್ರವರಿಯಲ್ಲಿ ಹಿಮದ ಮೇಲೆ ಬಿದ್ದ ಇನ್ನಿಸ್‌ಫ್ರೀ ಎಂಬ ಒಂದೇ ಪಾತದ ಕಲ್ಲು. ಬಿಳಿ ಹಿಮದ ಮೇಲೆ ಕರಿ ಕಲ್ಲನ್ನು ಹುಡುಕುವುದೇ ಅಷ್ಟು ಕಷ್ಟವಾದರೆ ಹುಕ್ಕೇರಿಯ ಎರೆ ಹೊಲದಲ್ಲಿ ಏನು ಗತಿ? ಈ ಸೀಮೆಯ ನೆಲವನ್ನು ಮೊದಲು ಕೂಲಂಕಷವಾಗಿ ವರ್ಣಿಸಿದ್ದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್. ದಕ್ಷಿಣ ಮರಾಠಾ ಸೀಮೆಯ ಭೂರಚನೆ ಕುರಿತ ಅವನ ವರದಿ ಬಂದದ್ದು 1876ರಲ್ಲಿ, ಜೂಡೆಸೆಗೆರಿಯ ಕಲ್ಲು ಬಿದ್ದ ವರ್ಷವೇ. ಪಡುವಣ ಕಡೆ ದಖನ್ನಿನ ಲಾವಾ ಹಾಸಿದ ಕರಿಕಲ್ಲು, ಗೋಕಾಕದ ಕಡೆ ಫೂಟ್ ಕಲಾದಗಿ ಶ್ರೇಣಿ ಎಂದು ಹೆಸರಿಟ್ಟ ಮಸುಕು ಬಣ್ಣದ ಮರಳುಗಲ್ಲು, ಕ್ವಾರ್ಟ್ಜೈಟು. ಕಪ್ಪು ಹೊರಪದರದ ಕಾಂಡ್ರೈಟ್ ಬಿದ್ದರೆ ಕರಿಕಲ್ಲಿನ ನಡುವೆ ಕರಗಿಹೋಗುತ್ತದೆ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿದು ಮೇಲಿನದನ್ನು ಕೆಳಗೆ ನುಂಗುತ್ತದೆ. ಒಳಗಿನ ನಿಕ್ಕಲ್-ಕಬ್ಬಿಣ ನೀರಿಗೆ ತುಕ್ಕು ಹಿಡಿದು ಕಲ್ಲನ್ನೇ ಸೀಳುತ್ತದೆ. ನೀರಾವರಿ ಬಂದ ಮೇಲೆ ಕಬ್ಬಿನ ಗದ್ದೆಗಳಲ್ಲಂತೂ ಕಾಲಿಡಲೂ ಎಡೆಯಿಲ್ಲ. ಉಳಿದದ್ದು ಮನೆ. ಅದರಲ್ಲೂ ಈ ಕಡೆಯ ಹಳೆಯ ಮಾಳಿಗೆ ಮನೆಗಳ ತಾರಸಿಯ ಮೇಲೆ ಮಣ್ಣಿನ ದಪ್ಪ ಮುದ್ದೆ. ಕಿಲೋ ತೂಕದ ಕಲ್ಲು ಗಾಳಿಯ ತಡೆಗೆ ಸಿಕ್ಕು ವೇಗ ಕಳೆದುಕೊಂಡು, ಗಂಟೆಗೆ ಇನ್ನೂರು ಮುನ್ನೂರು ಕಿಲೋಮೀಟರಿನಲ್ಲಿ ಬಂದು ಬಡಿದರೆ ಆ ಮಣ್ಣಿನಲ್ಲೇ ಹೂತು ನಿಲ್ಲಬಹುದು. ಕೆಳಗೆ ಮಲಗಿದವರಿಗೆ ಒಂದು ಸದ್ದು, ಉದುರಿದ ಒಂದಿಷ್ಟು ಮಣ್ಣು, ಅಷ್ಟೇ. ಮುಂದಿನ ವರ್ಷ ಮಾಳಿಗೆಗೆ ಹೊಸ ಮಣ್ಣು ಹಾಕುವಾಗ ಕಲ್ಲನ್ನು ಎತ್ತಿ ಹೊರಗೆ ಎಸೆಯುತ್ತಾರೆ. ಇದು ನನ್ನ ಊಹೆ ಎಂದು ತಳ್ಳಿಹಾಕುವವರು ಹಾಕಲಿ. ಮೇಲಿನ ಎಣಿಕೆಯ ಹನ್ನೆರಡರಲ್ಲಿ ಒಂದಾದರೂ ಹಾಗೆ ಹೋಗಿರಲಾರದು ಎಂದು ಹೇಳುವುದು ಅದಕ್ಕಿಂತ ದೊಡ್ಡ ಊಹೆ.

ಮನೆ ಏಕೆ ಮುಖ್ಯ ಎಂಬುದಕ್ಕೆ ತೀರ ಈಚಿನ ನಿದರ್ಶನ ಗುಜರಾತಿನದು. 2022ರ ಆಗಸ್ಟ್ 17ರ ಸಂಜೆ ಬನಾಸಕಾಂಠಾ ಜಿಲ್ಲೆಯ ದಿಯೋದರ್ ತಾಲ್ಲೂಕಿನಲ್ಲಿ ಜೆಟ್ ವಿಮಾನದಂಥ ಸದ್ದು ಕೇಳಿಸಿತು. ರಾವೇಲ್, ರಾಂಟಿಲಾ ಎಂಬ ಎರಡು ಹಳ್ಳಿಗಳಲ್ಲಿ ಕಲ್ಲು ಬಿತ್ತು. ಒಂದು ಕಲ್ಲು ಬೇವಿನ ಮರಕ್ಕೆ ಬಡಿದು ಒಡೆಯಿತು. ಇನ್ನೊಂದು ಚೂರು ಮನೆಯೊಂದರ ಜಗುಲಿಗೆ ಬಿದ್ದು ನೆಲದ ಟೈಲ್ಸ್ ಒಡೆಯಿತು. ಮನೆಯವರು ಕಲ್ಲನ್ನು ಎತ್ತಿಟ್ಟರು. ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದವರು ಪರೀಕ್ಷಿಸಿ, 2023ರ ಜನವರಿಯ ಹೊತ್ತಿಗೆ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬರೆದರು: ಇದು ಆಬ್ರೈಟ್. ಸಾಮಾನ್ಯ ಕಾಂಡ್ರೈಟುಗಳಲ್ಲಿ ಸೇರದ, ಕರಗಿ ಮತ್ತೆ ಗಟ್ಟಿಯಾದ ಕಾಯವೊಂದರಿಂದ ಬಂದ ಅಪರೂಪದ ವರ್ಗ. ಬಹುಪಾಲು ಕಬ್ಬಿಣರಹಿತ ಪೈರಾಕ್ಸೀನ್. ಭಾರತದಲ್ಲಿ ಇದಕ್ಕೂ ಮೊದಲು ಬಿದ್ದ ಆಬ್ರೈಟ್ 1852ರ ಡಿಸೆಂಬರ್ 2ರಂದು ಉತ್ತರ ಪ್ರದೇಶದ ಬಸ್ತಿ ಎಂಬಲ್ಲಿ ಬಿದ್ದ ಕಲ್ಲು. ನಡುವೆ 170 ವರ್ಷ. ಆ ಬಸ್ತಿಯ ಕಲ್ಲಿನಲ್ಲೇ ಬ್ರಿಟಿಷ್ ಮ್ಯೂಸಿಯಮ್ಮಿನ ಸ್ಟೋರಿ ಮಾಸ್ಕಲೈನ್ ಕ್ಯಾಲ್ಸಿಯಂ ಸಲ್ಫೈಡಿನ ಹೊಸ ಖನಿಜವೊಂದನ್ನು ಕಂಡು, ಕಲ್ಕತ್ತೆಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಮುಖ್ಯಸ್ಥ ಥಾಮಸ್ ಓಲ್ಡ್‌ಹ್ಯಾಮನ ಗೌರವಾರ್ಥ ಓಲ್ಡ್‌ಹ್ಯಾಮೈಟ್ ಎಂದು ಹೆಸರಿಟ್ಟ. ಈ ಖನಿಜ ತೇವ ತಾಗಿದರೆ ಕೆಡುತ್ತದೆ. ಇಲ್ಲಿಗೆ ಬಂದರೆ ಘಟಪ್ರಭೆಯ ಪ್ರಶ್ನೆ ಇನ್ನಷ್ಟು ಚೂಪಾಗುತ್ತದೆ. ಅದೇ ಆಗಸ್ಟಿನಲ್ಲಿ ಅದೇ ಕಲ್ಲು ಗೋಕಾಕದ ಒಂದು ಹೊಲಕ್ಕೆ ಬಿದ್ದಿದ್ದರೆ? ಆಬ್ರೈಟಿನ ಒಡಲು ಬಿಳಿಚು. ಕಬ್ಬಿಣ ಕಡಿಮೆಯಾದ್ದರಿಂದ ಅಯಸ್ಕಾಂತಕ್ಕೂ ಅಷ್ಟಾಗಿ ಒಗ್ಗದು. ಸುತ್ತಲಿನ ಕ್ವಾರ್ಟ್ಜೈಟ್ ಚೂರುಗಳಿಂದ ಅದನ್ನು ಬೇರೆ ಮಾಡಲು ಪಳಗಿದ ಕಣ್ಣೇ ಬೇಕು, ಆ ಕಣ್ಣು ಅಲ್ಲಿಗೆ ತಲುಪುವುದರೊಳಗೆ ಮಳೆಯ ನೀರು ಒಳಗಿನ ಸೂಕ್ಷ್ಮ ಖನಿಜವನ್ನು ತಿಂದು ಮುಗಿಸಿರುತ್ತದೆ. ಜಗುಲಿಯ ಟೈಲ್ಸ್ ಒಡೆದದ್ದರಿಂದ ದಿಯೋದರ್ ಕಲ್ಲು ಬದುಕಿತು. ಹೊಸದಾಗಿ ಬಿದ್ದ ಕಲ್ಲಿನಲ್ಲಿ ಸೋಡಿಯಂ-22ರಂಥ ಅಲ್ಪಾಯುವಿನ ವಿಕಿರಣಶೀಲ ಪರಮಾಣುಗಳೂ ಇರುತ್ತವೆ; ಅದರ ಅರ್ಧಾಯುಷ್ಯ ಕೇವಲ 2.6 ವರ್ಷ. ಬಾಹ್ಯಾಕಾಶದಲ್ಲಿ ಕೊನೆಯ ದಿನಗಳನ್ನು ಕಲ್ಲು ಹೇಗೆ ಕಳೆಯಿತು ಎಂಬ ಈ ಸಾಕ್ಷ್ಯ ಬೇಗ ಎತ್ತಿದವರಿಗೆ ಮಾತ್ರ ದಕ್ಕುತ್ತದೆ.

ಹಾಗಾದರೆ ಮನೆಯವರ ಮಾತೇ ಸಾಕೇ ಎಂದರೆ, ಸಾಲದು. 2016ರ ಫೆಬ್ರವರಿ 6ರಂದು ತಮಿಳುನಾಡಿನ ವೆಲ್ಲೂರು ಜಿಲ್ಲೆಯ ನಾಟ್ರಂಪಳ್ಳಿ ಬಳಿ ಇಂಜಿನಿಯರಿಂಗ್ ಕಾಲೇಜೊಂದರ ಆವರಣದಲ್ಲಿ ಸ್ಫೋಟವಾಗಿ ಬಸ್ ಚಾಲಕರೊಬ್ಬರು ತೀರಿಕೊಂಡರು. ಗುಂಡಿ ಇತ್ತು, ಒಡೆದ ಕಿಟಕಿಗಳಿದ್ದವು, ಕಪ್ಪು ಕಲ್ಲಿನ ಚೂರೂ ಸಿಕ್ಕಿತು. ಮುಖ್ಯಮಂತ್ರಿ ಜಯಲಲಿತಾ ಉಲ್ಕಾಶಿಲೆ ಎಂದೇ ಹೇಳಿ ಪರಿಹಾರ ಘೋಷಿಸಿದರು. ಉಲ್ಕೆಯಿಂದ ಸತ್ತ ಮೊದಲ ಮನುಷ್ಯ ಎಂದು ಜಗತ್ತಿನ ಪತ್ರಿಕೆಗಳು ಬರೆದವು. ಚಿತ್ರಗಳನ್ನು ನೋಡಿದ ನಾಸಾ ವಿಜ್ಞಾನಿಗಳು ಇದು ನೆಲದ ಮೇಲಿನ ಸ್ಫೋಟಕ್ಕೇ ಹೆಚ್ಚು ಹೊಂದುತ್ತದೆ ಎಂದರು. ಉಲ್ಕಾಶಿಲೆಗಳ ಪಟ್ಟಿಯಲ್ಲಿ ಆ ಊರಿನ ಹೆಸರು ಸೇರಲಿಲ್ಲ. ಸಾಕ್ಷ್ಯವನ್ನು ನಂಬಬಾರದು ಎಂಬುದಕ್ಕೆ ಈ ಘಟನೆಯನ್ನು ಎತ್ತಿ ಹಿಡಿಯುವುದುಂಟು. ನನಗೆ ಅದು ಹೇಳುವುದು ಬೇರೆ. ಕ್ರಾಖುತ್‌ನ ಕಾವಲುಗಾರನ ಮಾತನ್ನೂ ವಿಲಿಯಮ್ಸ್ ಸುಮ್ಮನೆ ನಂಬಲಿಲ್ಲ: ಮೋಡವಿತ್ತೇ ಎಂದು ಕೇಳಿದ, ಬೇರೆಡೆ ಸಿಕ್ಕ ಕಲ್ಲುಗಳ ಜೊತೆ ಹೋಲಿಸಿದ, ಚೂರನ್ನು ಹೊವಾರ್ಡನ ಆಮ್ಲಕ್ಕೆ ಒಪ್ಪಿಸಿದ. ಮಾತನ್ನು ಕಲ್ಲು ಒಪ್ಪಬೇಕು. ಕಲ್ಲಿಗೆ ನಿಕ್ಕಲ್ ಇರಬೇಕು, ಹೊರಪದರ ಕರಗಿರಬೇಕು, ಆಲಿವಿನ್ ತನ್ನ ಗುಂಪಿಗೆ ತಕ್ಕ ಅಳತೆ ಕೊಡಬೇಕು. ವರ್ಗೀಕರಣ ಎಂಬುದು ಬರಿಯ ಹೆಸರಿಡುವ ಕೆಲಸವಾಗಿದ್ದರೆ ವೆಲ್ಲೂರಿನ ಸುದ್ದಿಯನ್ನು ತಡೆಯಲು ಆಗುತ್ತಿರಲಿಲ್ಲ.

ಕೊನೆಯ ಆಕ್ಷೇಪ ವ್ಯವಹಾರಸ್ಥರದು. ಧಾರವಾಡದ ಕಲ್ಲು ಎಚ್ ಆದರೇನು ಎಲ್ ಆದರೇನು? ಬಿದ್ದ ಕಲ್ಲುಗಳಲ್ಲಿ ಹತ್ತಕ್ಕೆ ಎಂಟು ಸಾಮಾನ್ಯ ಕಾಂಡ್ರೈಟುಗಳೇ. ಅವುಗಳಲ್ಲಿ ಇನ್ನೊಂದು ಸೇರಿದರೆ ಲೋಕಕ್ಕೆ ಆಗುವುದೇನು? ಈ ಮಾತು 1865ರಲ್ಲಿ ಇನ್ನೂ ಹೆಚ್ಚು ಸಮಂಜಸವಾಗಿ ಕೇಳಿಸುತ್ತಿತ್ತು. ಆ ವರ್ಷದ ಆಗಸ್ಟ್ 25ರಂದು ಬಿಹಾರದ ಶೇರ್ಘಾಟಿಯಲ್ಲಿ ಒಂದು ಕಲ್ಲು ಬಿತ್ತು. ಒಂದು ತಿಂಗಳೂ ಕಳೆಯದೆ ಸೆಪ್ಟೆಂಬರ್ 21ಕ್ಕೆ ಮದ್ದೂರಿನದು. ಎರಡನ್ನೂ ಆಗ ಪಕ್ಕಪಕ್ಕ ಇಟ್ಟವರಿಗೆ ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ಹೇಳಲು ಆಧಾರವಿರಲಿಲ್ಲ. ಶೇರ್ಘಾಟಿಯ ಕಲ್ಲು ಕಾಂಡ್ರೂಲುಗಳಿಲ್ಲದ ವಿಚಿತ್ರ ಶಿಲೆ ಎಂದು ವಿಯೆನ್ನಾದ ಚೆರ್ಮಾಕ್ 1872ರಲ್ಲಿ ಬರೆದ. ಅದರಲ್ಲಿ ಆಘಾತಕ್ಕೆ ಗಾಜಾಗಿದ್ದ ದ್ರವ್ಯಕ್ಕೆ ಮಾಸ್ಕಲೈನನ ಹೆಸರಿಟ್ಟ. ಆಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ಅದು ಕಪಾಟಿನ ಕುತೂಹಲವಾಗಿಯೇ ಉಳಿಯಿತು. ಅಂಟಾರ್ಕ್ಟಿಕದಲ್ಲಿ ಸಿಕ್ಕ ಅದೇ ವರ್ಗದ ಇನ್ನೊಂದು ಕಲ್ಲಿನ ಗಾಜಿನೊಳಗೆ ಸೆರೆಸಿಕ್ಕಿದ್ದ ಅನಿಲ, ವೈಕಿಂಗ್ ನೌಕೆಗಳು ಮಂಗಳನ ವಾತಾವರಣದಲ್ಲಿ ಅಳೆದದ್ದಕ್ಕೆ 1983ರಲ್ಲಿ ತಾಳೆಯಾಯಿತು. ಶೇರ್ಘಾಟಿಯ ಕಲ್ಲು ಮಂಗಳ ಗ್ರಹದ್ದೆಂದು ಆಗ ಒಪ್ಪಿಗೆ ಸಿಕ್ಕಿತು, ಇಡೀ ವರ್ಗಕ್ಕೇ ಆ ಹಳ್ಳಿಯಿಂದ ಬಂದ ಹೆಸರು ನಿಂತಿತು. 1865ರಲ್ಲಿ ಅದನ್ನು ಕಾಪಾಡಿದವರಿಗೆ ಮಂಗಳದ ಮಾತೇ ತಲೆಯಲ್ಲಿರಲಿಲ್ಲ. ಮುಂದಿನ ಪ್ರಶ್ನೆ ಯಾವುದೆಂದು ಈಗ ತಿಳಿಯದಿರುವಾಗ, ಈ ಕಲ್ಲು ಸಾಮಾನ್ಯ, ಆ ಕಲ್ಲು ಅಸಾಮಾನ್ಯ ಎಂದು ಎಸೆಯುವ ಅಧಿಕಾರ ನಮಗಿಲ್ಲ. ನೆಗಳೂರಿನ ಕಲ್ಲಿನ ವಿಷಯಕ್ಕೇ ಬಂದರೆ, ಇದು ತತ್ತ್ವದ ಪ್ರಶ್ನೆಯೂ ಅಲ್ಲ, ಖರ್ಚಿನ ಪ್ರಶ್ನೆಯೂ ಅಲ್ಲ. ಚೂರೊಂದು ಸಿಕ್ಕರೆ, 0.03 ಮಿಲಿಮೀಟರ್ ದಪ್ಪಕ್ಕೆ ಉಜ್ಜಿದ ಒಂದು ಹಲ್ಲೆ ಮತ್ತು ಎಲೆಕ್ಟ್ರಾನ್ ಮೈಕ್ರೋಪ್ರೋಬಿನ ಮುಂದೆ ಒಂದು ದಿನ, ಅಷ್ಟರಲ್ಲಿ ಧಾರವಾಡದ ಮುಂದೆ ಒಂದು ಅಕ್ಷರ, ಒಂದು ಅಂಕಿ ಬರೆಯಬಹುದು.